ಎರೆ ಭೂಮಿಯ ಹಸಿಯ ಲೆಕ್ಕ: ತುಂಗಭದ್ರಾ ಎಡದಂಡೆಯ ಎಪ್ಪತ್ತು ವರ್ಷ

ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆ ಹತ್ತಿರ ಬಂದರೆ ರಾಯಚೂರು ಜಿಲ್ಲೆಯಲ್ಲಿ ಅವೇ ಮಾತುಗಳು. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ? ಎಡದಂಡೆ ಕಾಲುವೆಗೆ ಎಷ್ಟು ಕ್ಯುಸೆಕ್ ಬಿಡುತ್ತಾರೆ? ಕಾಲುವೆಯ 104ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು ಅಡಿ ನಿಂತಿದೆ? ಹೊಲದಲ್ಲಿ ಎಷ್ಟು ಹಸಿ ಇದೆ ಅಂತ ಕೇಳುವವರು ಕಡಿಮೆ. ಆದರೆ ಬೆಳೆ ನೀರು ಕುಡಿಯುವುದು ಮಣ್ಣಿನಿಂದ ಅಲ್ವಾ?

ಹಿಂದೆ ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ, ಹಗೇವು ನೆನಪಿಸಿಕೊಳ್ಳಿ. ಎಷ್ಟು ತುಂಬಿದ್ದು, ಎಷ್ಟು ತೆಗೆದಿದ್ದು, ತಳದಲ್ಲಿ ಎಷ್ಟು ಉಳಿದಿದೆ ಅನ್ನೋದು ಮನೆಯ ಹಿರಿಯರಿಗೆ ಬಾಯಲ್ಲೇ ಇರುತ್ತಿತ್ತು. ಮಣ್ಣಿನ ನೀರಿನ ಲೆಕ್ಕವೂ ಹಾಗೇ. ಮಳೆ ಮತ್ತು ಕಾಲುವೆ ನೀರು ಜಮೆ. ಬೆಳೆ ಕುಡಿದದ್ದು, ಬಿಸಿಲಿಗೆ ಆರಿದ್ದು, ಹಳ್ಳಕ್ಕೆ ಹರಿದದ್ದು, ಆಳಕ್ಕೆ ಇಳಿದದ್ದು ಖರ್ಚು. ಒಂದು ಮೀಟರ್ ಆಳದ ಒಳ್ಳೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿಲಿಮೀಟರ್ ನೀರು ಹಿಡಿದಿಡುತ್ತದೆ. ಮರಳು ಜಾಸ್ತಿ ಇರುವ ಮಸಾರಿ ಅದರ ಅರ್ಧ ಹಿಡಿದರೆ ಹೆಚ್ಚು. 10 ಮಿಲಿಮೀಟರ್ ಸಣ್ಣದು ಅನಿಸಬಹುದು, ಒಂದು ಎಕರೆಗೆ ಅದು 40 ಸಾವಿರ ಲೀಟರ್. ಹಿಂಗಾರಿ ಬಿಳಿಜೋಳ ಬದುಕುವುದೇ ಈ ಹಗೇವಿನ ಮೇಲೆ.

ಈ ಲೆಕ್ಕ ಹೊಸದೇನಲ್ಲ. ಡ್ಯಾಮ್ ಕಟ್ಟುವ ಮೊದಲೇ, 1930ರ ದಶಕದಲ್ಲಿ, ಎರೆ ಭೂಮಿಗೆ ನೀರು ಹಾಯಿಸಿದರೆ ಏನಾಗುತ್ತದೆ ಅಂತ ನೋಡಲು ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರ ಶುರುವಾಗಿತ್ತು. 1945ರಲ್ಲಿ ಡ್ಯಾಮಿಗೆ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಬಂತು. ಆಗ ಎಡದಂಡೆ ಹೈದರಾಬಾದ್ ರಾಜ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು.

ಯೋಜನೆಯ ಹಿಂದಿನ ವಿಚಾರ ಸರಳ. ಇದು ಬರದ ಸೀಮೆ. ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಬಿಸಿಲು ಎಳೆದುಕೊಳ್ಳಬಲ್ಲ ನೀರು ಅದರ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಇದ್ದ ನೀರನ್ನು ತೆಳ್ಳಗೆ ಹರಡಿ, ಆದಷ್ಟು ಜಾಸ್ತಿ ಜನರ ಬೆಳೆ ಉಳಿಸೋಣ ಅಂದುಕೊಂಡರು. 227 ಕಿಲೋಮೀಟರ್ ಕಾಲುವೆ, ಅದರಿಂದ ನೀರು ಸಿಗಬೇಕಾದ ಜಮೀನು, ಅಂದರೆ ಅಚ್ಚುಕಟ್ಟು, ಸುಮಾರು 6 ಲಕ್ಷ ಎಕರೆ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಮೊದಲೇ ಗೊತ್ತು ಮಾಡಿದರು. ಬಹುಪಾಲು ಜಮೀನು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ. ಭತ್ತಕ್ಕೆ ಸಣ್ಣ ಪಾಲು. ಜಿಲ್ಲೆಯ ನೀರಿನ ಮೊದಲ ನಕ್ಷೆ ಇದೇ ಅನ್ನಬೇಕು.

ಆ ನಕ್ಷೆ ಕಾಗದದಲ್ಲೇ ಉಳಿಯಿತು. ಯಾಕೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ವರ್ಷಗಳಲ್ಲಿ ಕಾಲುವೆಯಲ್ಲಿ ನೀರು ಇತ್ತು, ತಗೊಳ್ಳುವವರು ಕಡಿಮೆ. ಒಣ ಬೇಸಾಯದವರಿಗೆ ಹೊಲ ಮಟ್ಟ ಮಾಡಿಸಲು ದುಡ್ಡಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದ ಕುಟುಂಬಗಳು ಜಮೀನು ಕೊಂಡು, ಮಟ್ಟ ಮಾಡಿ, ಮಡಿ ಕಟ್ಟಿ, ಭತ್ತ ನಾಟಿ ಮಾಡಿದವು. ಗಂಗಾವತಿ, ಸಿಂಧನೂರು ಸುತ್ತ ಅವರ ಹೊಸ ಊರುಗಳು, ಅಂದರೆ ಕ್ಯಾಂಪ್‌ಗಳು, ಹುಟ್ಟಿದವು. ಊರಿನವರೂ ನೋಡಿ ಕಲಿತರು. ಅಕ್ಕಿ ಗಿರಣಿ ಬಂದವು, ಬೆಲೆ ಸಿಕ್ಕಿತು, ಸಾಲ ಸಿಕ್ಕಿತು. ಸೋನಾ ಮಸೂರಿ ಈ ಭಾಗಕ್ಕೆ ಹೆಸರು ತಂದಿತು. ಅನ್ನ ಕಂಡ ಮನೆಗಳನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಕಾರಣ ಮಣ್ಣಿನೊಳಗೇ ಇದೆ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೊದಲ ನೀರನ್ನು ಗಟಗಟ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿದರೆ ನೀರು ಇಳಿಯುವುದೇ ಕಷ್ಟ. ಮೇಲಿನ ಹೊಲದವನು ಭತ್ತ ಹಚ್ಚಿದರೆ ಕೆಳಗಿನ ಹೊಲಕ್ಕೆ ನೀರು ಬಸಿಯುತ್ತದೆ. ಅಲ್ಲಿ ಹತ್ತಿಯ ಬೇರು ಕೊಳೆಯುತ್ತದೆ. ಅವನೂ ಭತ್ತಕ್ಕೇ ಬರಬೇಕು. ಒಬ್ಬನ ಬೆಳೆ ಪಕ್ಕದವನ ಬೆಳೆಯನ್ನೂ ಗೊತ್ತು ಮಾಡುತ್ತದೆ. ಸರ್ವೆ ನಂಬರಿನ ನಕ್ಷೆಯಲ್ಲಿ ಈ ಬಸಿಗೆ ಜಾಗ ಇರಲಿಲ್ಲ.

ಕೆಲವು ವರ್ಷಗಳಲ್ಲೇ ತಗ್ಗಿನ ಹೊಲಗಳಲ್ಲಿ ಬಿಳಿ ಪೊರೆ ಕಾಣಿಸಿತು. ಅಂತರ್ಜಲ ಮೇಲೆ ಬಂದು, ನೀರು ಆರಿ, ಉಪ್ಪು ಮಾತ್ರ ಉಳಿಯಿತು. ಹೊಲ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಹೆಚ್ಚಾದ ನೀರನ್ನು ಹೊರಗೆ ಹರಿಸುವ ಬಸಿಗಾಲುವೆಯ ಪ್ರಯೋಗಗಳನ್ನು ಮಾಡುತ್ತಾ ಬಂದಿದೆ. ಅತ್ತ ಮಾನ್ವಿ, ರಾಯಚೂರು ಭಾಗದ ಕೊನೆಯ ರೈತರು ಒಣಗಿದ ಉಪಕಾಲುವೆ ತೋರಿಸುತ್ತಾರೆ. ಒಂದೇ ಕಾಲುವೆ. ಮೇಲ್ಭಾಗ ನೀರು ಜಾಸ್ತಿಯಾಗಿ ಕೆಡುತ್ತದೆ, ಕೊನೆಭಾಗ ನೀರಿಲ್ಲದೆ ಒಣಗುತ್ತದೆ.

ಈ ನಡುವೆ ಲೆಕ್ಕದ ವಿದ್ಯೆ ಬಹಳ ಮುಂದೆ ಹೋಯಿತು. 1948ರಲ್ಲಿ ಅಮೆರಿಕದ ಥಾರ್ನ್‌ತ್ವೇಟ್ ಮತ್ತು ಇಂಗ್ಲೆಂಡಿನ ಪೆನ್‌ಮನ್, ಬಿಸಿಲು-ಗಾಳಿಗೆ ಎಷ್ಟು ನೀರು ಆರುತ್ತದೆ ಅಂತ ಅಂದಾಜು ಮಾಡುವ ಸೂತ್ರಗಳನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆಳೆವಾರು ಲೆಕ್ಕದ ಪದ್ಧತಿಯನ್ನು ಪರಿಷ್ಕರಿಸಿ ಕೊಟ್ಟಿತು. ಈಚೆಗೆ ರಾಜ್ಯದ ಜಲಾನಯನ ಅಭಿವೃದ್ಧಿಯ ಸುಜಲಾ-3 ಯೋಜನೆಯಲ್ಲಿ ಕೊಪ್ಪಳವೂ ಸೇರಿ ಹಲವು ಜಿಲ್ಲೆಗಳಲ್ಲಿ ಸರ್ವೆ ನಂಬರ್ ಮಟ್ಟದ ಮಣ್ಣಿನ ನಕ್ಷೆ ತಯಾರಾಯಿತು. ಆದರೆ ಅದರ ಗಮನ ಇದ್ದದ್ದು ಮಳೆಯಾಶ್ರಿತ ಜಲಾನಯನಗಳ ಮೇಲೆ.

ಉಪಗ್ರಹ ಬಂದಿದೆಯಲ್ಲ ಅಂತ ಕೇಳಬಹುದು. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ರೇಡಾರ್ ಮೋಡದ ಮೂಲಕವೂ ನೋಡುತ್ತದೆ, ನೀರು ನಿಂತ ಭತ್ತದ ಗದ್ದೆಯನ್ನು ಗುರುತಿಸುತ್ತದೆ. ಯಾವ ಉಪಕಾಲುವೆಯಡಿ ಎಷ್ಟು ಭತ್ತ ಅನ್ನೋದು ಈಗ ಮುಚ್ಚಿಡುವ ಸಂಗತಿಯಲ್ಲ. ಆದರೆ ನೇರವಾಗಿ ಮಣ್ಣಿನ ಹಸಿ ಅಳೆಯುವ ಉಪಗ್ರಹದ ಒಂದು ಚುಕ್ಕೆ ಹಲವು ಕಿಲೋಮೀಟರ್ ಅಗಲ. ಗದ್ದೆ, ಸವಳು, ಒಣಹೊಲ ಮೂರೂ ಅದರಲ್ಲಿ ಕಲಸಿಹೋಗುತ್ತವೆ. ಅದಕ್ಕೇ ಹೊಲದಲ್ಲಿ ಅಳೆಯದೆ ಗತಿಯಿಲ್ಲ.

ನೀರೂ ಮೊದಲಿನಷ್ಟಿಲ್ಲ. ಡ್ಯಾಮಿಗೆ ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಸುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು.

ಪ್ರತಿ ಉಪಕಾಲುವೆಯಡಿ ಮಣ್ಣು ಯಾವುದು, ಬೆಳೆ ಯಾವುದು, ಈ ವಾರ ಎಷ್ಟು ಮಿಲಿಮೀಟರ್ ಹಸಿ ಉಳಿದಿದೆ ಅನ್ನೋ ಒಂದು ಹಾಳೆಯನ್ನು ಸಲಹಾ ಸಮಿತಿಯ ಮೇಜಿನ ಮೇಲೆ, ಕ್ಯುಸೆಕ್ ಲೆಕ್ಕದ ಪಕ್ಕದಲ್ಲೇ ಇಡಬಹುದು. ಅದೇ ಹಾಳೆ ಪಂಚಾಯಿತಿ ಗೋಡೆಯ ಮೇಲೂ ಬರಬೇಕು. ಬಸಿ ಎಷ್ಟು ಅಂತ ತಿಳಿಯಲು ತಗ್ಗಿನ ಹೊಲದಲ್ಲಿ ತೂತು ಕೊರೆದ ಪೈಪ್ ಹುಗಿದು, ವಾರಕ್ಕೊಮ್ಮೆ ನೀರಿನ ಮಟ್ಟಕ್ಕೆ ಟೇಪ್ ಇಳಿಸಿದರೆ ಸಾಕು. ಮುಂಗಾರಿಗೆ ಮೊದಲೇ ಈ ಪೈಪ್‌ಗಳನ್ನು ಹುಗಿದರೆ, ಕಾಲುವೆಗೆ ನೀರು ಬಿಡುವ ದಿನದಿಂದಲೇ ಲೆಕ್ಕ ಶುರು ಮಾಡಬಹುದು.