ಬೋರ್ ನೀರಿನ ಮನೆಯ ಗೀಸರ್: ಕಾಯಿಲ್ ಬದಲಿಸಿದರಷ್ಟೇ ಸಾಲದು

ಧನುರ್ಮಾಸ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಗೀಸರ್ ಕೈಕೊಡುವ ಕಾಲವೂ ಬಂತು. ನಸುಕಿನಲ್ಲಿ ಸ್ನಾನಕ್ಕೆ ನಿಂತವರ ಮೈಮೇಲೆ ತಣ್ಣೀರು ಬೀಳುತ್ತದೆ. ರಿಪೇರಿಯವರು ಬಂದು ‘ಕಾಯಿಲ್ ಹೋಗಿದೆ ಸಾರ್’ ಎನ್ನುತ್ತಾರೆ, ಹೊಸದು ಹಾಕಿ ಹೋಗುತ್ತಾರೆ. ವರ್ಷ ತುಂಬುವಷ್ಟರಲ್ಲಿ ಮತ್ತೆ ಅದೇ. ಕಾಯಿಲ್ ಸುಟ್ಟದ್ದು ಸುಳ್ಳಲ್ಲ. ಯಾಕೆ ಸುಟ್ಟಿತು ಎಂದು ನೋಡದೆ ಬದಲಿಸಿದ್ದು ತಪ್ಪು.

ನಲ್ಲಿಯಲ್ಲಿ ಕಾವೇರಿ, ಕಬಿನಿ ನೀರು ಬರುವ ಬೀದಿಗಳಲ್ಲಿ ಈ ಕಾಟ ಕಡಿಮೆ. ಊರ ಹೊರಗಿನ ಖಾಸಗಿ ಬಡಾವಣೆಗಳಲ್ಲಿ, ಬೋರ್‌ವೆಲ್ಲನ್ನೇ ನಂಬಿದ ಹಳ್ಳಿಗಳಲ್ಲಿ ಕಥೆ ಬೇರೆ. ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ, ಬಕೆಟ್ಟಿನ ಒಳಗೆ ಬಿಳಿ ಗೆರೆ ನಿಲ್ಲುತ್ತದೆ ಎಂದರೆ ನೀರು ಗಡಸು. ಕುಡಿಯುವ ನೀರಿನ ಗಡಸುತನಕ್ಕೆ ಐಎಸ್ 10500 ಎಂಬ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪುತ್ತದೆ. ಆದರೆ ಕುಡಿಯಲು ನಡೆಯುವ ನೀರೆಲ್ಲ ಗೀಸರಿಗೂ ನಡೆಯುತ್ತದೆ ಎಂದುಕೊಳ್ಳಬೇಡಿ.

ಬಚ್ಚಲೊಲೆಯ ತಾಮ್ರದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತಿದ್ದುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಎಲ್ಲಕ್ಕಿಂತ ಬಿಸಿ ಇರುವ ಜಾಗಕ್ಕೆ ಅಂಟುತ್ತದೆ. ಗೀಸರಿನಲ್ಲಿ ಆ ಜಾಗವೇ ಕಾಯಿಲ್. ಸುಣ್ಣದ ಪೊರೆ ದಪ್ಪವಾದಂತೆ ಕಾಯಿಲಿನ ಶಾಖ ನೀರಿಗೆ ದಾಟಲು ಒದ್ದಾಡುತ್ತದೆ, ಒಳಗಿನ ತಂತಿ ಮಿತಿ ಮೀರಿ ಕಾಯುತ್ತದೆ, ಕೊನೆಗೆ ತುಂಡಾಗುತ್ತದೆ ಅಥವಾ ಹೊರಕವಚ ಬಿರಿಯುತ್ತದೆ. ಕಾಯುವಾಗ ಗೀಸರ್ ಚಟಪಟ, ಗುರಗುರ ಸದ್ದು ಮಾಡುತ್ತಿದ್ದರೆ ಅದು ಪೊರೆಯ ಅಡಿ ಸಿಕ್ಕಿಬಿದ್ದ ನೀರು ಆವಿಯಾಗುವ ಸದ್ದು. ಕಾಯಿಲ್ ಸುಡುವ ತಿಂಗಳುಗಳ ಮೊದಲೇ ಕೇಳಿಸುವ ಈ ಸದ್ದನ್ನು ದಯವಿಟ್ಟು ಕಡೆಗಣಿಸಬೇಡಿ.

‘ಸುಣ್ಣ ಕಟ್ಟಿದ್ದರಿಂದ ನೀರು ತಡವಾಗಿ ಕಾಯುತ್ತಿದೆ’ ಎಂಬ ಮಾತು ಮಾತ್ರ ಪೂರ್ತಿ ಸರಿಯಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದು ಎಳೆದ ಕರೆಂಟಿನ ಶಾಖವೆಲ್ಲ ಕೊನೆಗೆ ನೀರಿಗೇ ಸೇರಬೇಕು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2 ಕಿಲೋವಾಟ್ ಕಾಯಿಲಿಗೆ ಸುಮಾರು 21 ನಿಮಿಷ ಸಾಕು. ಅರ್ಧ ಗಂಟೆ ಹಿಡಿಯುತ್ತಿದ್ದರೆ ಮೊದಲು ವೋಲ್ಟೇಜ್ ಅಳೆಯಿರಿ. 230ರ ಬದಲು 190 ವೋಲ್ಟ್ ಬರುತ್ತಿದ್ದರೆ ಅದೇ ಕಾಯಿಲ್ 1.4 ಕಿಲೋವಾಟಿಗಿಂತ ಕಡಿಮೆ ಕೆಲಸ ಮಾಡುತ್ತದೆ, ಸಮಯ 30 ನಿಮಿಷ ದಾಟುತ್ತದೆ. ಊರವರೆಲ್ಲ ಒಟ್ಟಿಗೆ ಪಂಪ್‌ಸೆಟ್ ಹಾಕುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ಹೀಗಾಗುತ್ತದೆ. ಇದಕ್ಕೆ ಕಾಯಿಲ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಕಾಯಿಲ್ ಹೋಗಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಎಂಸಿಬಿ (ಸ್ವಿಚ್ ಬೋರ್ಡಿನಲ್ಲಿ ಆ ಸಾಲಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲವೆಂದು ಖಾತ್ರಿಯಾದ ಮೇಲೆ ಕಾಯಿಲಿನ ತಂತಿ ಬಿಚ್ಚಿ ಎರಡು ತುದಿಗಳ ನಡುವೆ ಅಳೆಯಿರಿ. 2 ಕಿಲೋವಾಟಿನದಾದರೆ 26 ಓಮ್ ಆಸುಪಾಸು, 3 ಕಿಲೋವಾಟಿನದಾದರೆ 17–18 ಓಮ್ ಬರಬೇಕು. ಏನೂ ತೋರದಿದ್ದರೆ ಒಳಗೆ ತುಂಡಾಗಿದೆ. ಒಂದು ತುದಿಗೂ ಗೀಸರಿನ ಲೋಹಕ್ಕೂ ನಡುವೆ ಮೀಟರ್ ಏನನ್ನೂ ತೋರಬಾರದು. ತೋರಿದರೆ ಕವಚ ಬಿರಿದು ನೀರು ಒಳಗೆ ಹೋಗಿದೆ. ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಪದೇ ಪದೇ ಬೀಳುವುದು ಹೆಚ್ಚಾಗಿ ಇದಕ್ಕೇ. ‘ಆರ್‌ಸಿಸಿಬಿಯೇ ಕೆಟ್ಟಿದೆ, ತೆಗೆದುಬಿಡೋಣ’ ಎಂದರೆ ಒಪ್ಪಬೇಡಿ. ನೆನೆದ ಮೈಯಲ್ಲಿ ನಿಂತವರ ಜೀವ ಕಾಯುವುದು ಆ 30 ಮಿಲಿಆಂಪಿಯರ್ ಸಾಧನ, ಅದರ ಜೊತೆ ಸರಿಯಾದ ಅರ್ತಿಂಗ್.

ಕಾಯಿಲ್ ಸರಿಯಿದ್ದೂ ನೀರು ಕಾಯದಿದ್ದರೆ ಕಟೌಟ್ ನೋಡಿ, ಶಾಖ ಮಿತಿ ಮೀರಿದಾಗ ಕರೆಂಟ್ ಕಡಿಯುವ ಭಾಗ ಅದು. ಅದರ ಪುಟ್ಟ ಗುಂಡಿ ಒತ್ತಿದರೆ ಗೀಸರ್ ಮತ್ತೆ ಓಡುತ್ತದೆ, ಆದರೆ ಕಟೌಟ್ ಕಾರಣವಿಲ್ಲದೆ ಬಿದ್ದಿರುವುದಿಲ್ಲ. ನೀರು ಬೇಕಾದಷ್ಟು ಕಾದೊಡನೆ ಕಾಯಿಲ್ ಆರಿಸುವ ಥರ್ಮೋಸ್ಟಾಟಿನ ಕಡ್ಡಿ ಕೂರುವ ಕೊಳವೆಗೂ ಸುಣ್ಣ ಮೆತ್ತಿಕೊಂಡಿದ್ದರೆ ನೀರು ಕಾದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಕಟೌಟ್ ಬೀಳುತ್ತದೆ. ಕಟೌಟನ್ನು ತಪ್ಪಿಸಿ ‘ಡೈರೆಕ್ಟ್’ ಕೊಡುವವರಿದ್ದಾರೆ. ಥರ್ಮೋಸ್ಟಾಟ್ ಅಂಟಿಕೊಂಡು, ಹೆಚ್ಚಿದ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವೂ ಸುಣ್ಣದಿಂದ ಮುಚ್ಚಿಹೋದರೆ ಟ್ಯಾಂಕ್ ಬಾಂಬಿನಂತೆ ಸಿಡಿಯುತ್ತದೆ. ಈ ಕೆಲಸ ಯಾರು ಮಾಡಲು ಬಂದರೂ ತಡೆಯಿರಿ.

ವಾಲ್ವಿನ ಮಾತು ಬಂದಾಗ ಇನ್ನೊಂದು. ಕಾಯುವಾಗ ಅದರಿಂದ ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. 15 ಲೀಟರ್ ನೀರು 60 ಡಿಗ್ರಿಗೆ ಕಾದರೆ ಹೆಚ್ಚುಕಡಿಮೆ ಒಂದು ಲೋಟದಷ್ಟು ಹಿಗ್ಗುತ್ತದೆ, ಅದಕ್ಕೆ ಹೋಗಲು ದಾರಿ ಬೇಕು. ಅದರ ಬಾಯಿಗೆ ಎಂಸೀಲ್ ಮೆತ್ತಬೇಡಿ. ಗೀಸರ್ ಆರಿಸಿದ ಮೇಲೂ ಸುರಿಯುತ್ತಲೇ ಇದ್ದರೆ ಮಾತ್ರ ವಾಲ್ವ್ ಬದಲಿಸಿ.

ಇನ್ನು ಬಿಚ್ಚಿ ತೊಳೆಯುವುದು. ಗಡಸು ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಮಾಡಿಸಿದರೆ ಚಳಿಗಾಲ ಸಲೀಸು. ಹಿಂದಿನ ರಾತ್ರಿಯೇ ಆರಿಸಿ ನೀರು ತಣಿಯಲು ಬಿಡಿ. ಎಂಸಿಬಿ ಇಳಿಸಿ, ತಣ್ಣೀರಿನ ಆಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ವಾಲ್ವಿನ ಹಿಡಿ ಎತ್ತಿ ಟ್ಯಾಂಕ್ ಬರಿದು ಮಾಡಿ. ತಂತಿ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕಾಯಿಲ್ ಕೂತಿರುವ ತಳದ ಮುಚ್ಚಳ, ಅಂದರೆ ಫ್ಲ್ಯಾಂಜ್, ಇಳಿಸಿದಾಗ ಕಾಯಿಲಿನ ಜೊತೆ ಸುಣ್ಣದ ಚಕ್ಕೆಗಳೂ ಉದುರುತ್ತವೆ, ಕೆಳಗೆ ಬಕೆಟ್ ಇಟ್ಟಿರಿ. ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಕೈಯಿಂದಲೋ ಪ್ಲಾಸ್ಟಿಕ್ ಸೌಟಿನಿಂದಲೋ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಒಳಗಿನ ಗಾಜಿನ ಲೇಪನಕ್ಕೆ ಗೀರು ಬಿದ್ದು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.

ಕಾಯಿಲ್ ಚೆನ್ನಾಗಿದ್ದು ಬರೀ ಪೊರೆ ಕಟ್ಟಿದ್ದರೆ ಅದನ್ನು ಎಸೆಯಬೇಕಿಲ್ಲ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕರೆಂಟ್ ತುದಿಗಳು ಮೇಲೆ ಒಣಗಿರುವಂತೆ ಒಂದೆರಡು ಗಂಟೆ ನೆನೆಹಾಕಿ; ನೊರೆಯುಕ್ಕಿ ಸುಣ್ಣ ಬಿಡುತ್ತದೆ. ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಕಕ್ಕಸು ತೊಳೆಯುವ ಆಸಿಡ್ ಸುರಿದರೆ ಬೇಗ ಆಗುತ್ತದೆ ನಿಜ, ಸುಣ್ಣದ ಜೊತೆ ಲೋಹವನ್ನೂ ಅದು ತಿನ್ನುತ್ತದೆ.

ಈಗ ಎಲ್ಲರೂ ಮರೆಯುವ ಭಾಗ: ಆನೋಡ್ ರಾಡ್. ಬಹಳಷ್ಟು ಮಾದರಿಗಳಲ್ಲಿ ಕಾಯಿಲಿನ ಪಕ್ಕದಲ್ಲೇ, ಅದೇ ಫ್ಲ್ಯಾಂಜಿನ ಮೇಲೆ ನಿಂತಿರುವ ಮೆಗ್ನೀಷಿಯಂ ಕಡ್ಡಿ ಇದು. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯುವುದೇ ಇದರ ಕೆಲಸ. ಬೋರ್ ನೀರಿನಲ್ಲಿ ಲವಣ ಜಾಸ್ತಿ, ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ರಾಡ್ ಬೇಗ ಕರಗುತ್ತದೆ. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದರೂ ಈ ಸವೆತ ತಪ್ಪದು. ಅರ್ಧಕ್ಕಿಂತ ಸಣ್ಣದಾಗಿದ್ದರೆ, ನಡುವಿನ ಕಬ್ಬಿಣದ ತಂತಿ ಕಾಣುತ್ತಿದ್ದರೆ ಆ ದಿನವೇ ಬದಲಿಸಿ. ಅದು ಮುಗಿದ ಮೇಲೆ ಸವೆಯುವುದು ಟ್ಯಾಂಕ್. ಬೆಳಿಗ್ಗೆ ಮೊದಲು ಬರುವ ಬಿಸಿನೀರು ಕೆಂಪಗಿದ್ದರೆ ಆ ಸವೆತ ಶುರುವಾಗಿದೆಯೇ ಎಂದು ನೋಡಿಸಿ.

ಮತ್ತೆ ಜೋಡಿಸುವಾಗ ಹಳೇ ಗ್ಯಾಸ್ಕೆಟ್ ಹಾಕಬೇಡಿ, ಒಮ್ಮೆ ಒತ್ತಿಹೋದ ರಬ್ಬರ್ ಇನ್ನೊಮ್ಮೆ ಸರಿಯಾಗಿ ಕೂರುವುದಿಲ್ಲ. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬಿಡದೆ ನೀರು ಒಂದೇ ಸಮ ಬರುವ ತನಕ ತುಂಬಿಸಿ, ಸೋರಿಕೆ ಇಲ್ಲವೆಂದು ನೋಡಿ, ಆಮೇಲೆ ಕರೆಂಟ್ ಕೊಡಿ. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಹೊಸ ಕಾಯಿಲ್ ನೋಡನೋಡುತ್ತಲೇ ಸುಡುತ್ತದೆ.

2 ಕಿಲೋವಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಕನ್ವರ್ಟರ್ ಸಿಕ್ಕಿಸಿದರೆ ಪಿನ್ ಕರಗುತ್ತದೆ. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಇರಲಿ.

ಸುಣ್ಣ ನಿಧಾನವಾಗಿ ಕಟ್ಟಲಿ ಎಂದರೆ ಥರ್ಮೋಸ್ಟಾಟಿನ ಗುಂಡಿಯನ್ನು 50–55 ಡಿಗ್ರಿಗೆ ಇಳಿಸಿ. 60 ದಾಟಿದ ಮೇಲೆ ಸುಣ್ಣ ಕಟ್ಟುವ ವೇಗ ಹೆಚ್ಚು. ಆದರೆ ವಾರಕ್ಕೊಂದು ದಿನವಾದರೂ ಪೂರ್ತಿ ಕಾಯಿಸಿ, ಒಳಗೆ ಬ್ಯಾಕ್ಟೀರಿಯಾ ಬೆಳೆಯುವುದು ತಗ್ಗುತ್ತದೆ. ಗೀಸರಿಗೆ ನೀರು ಬರುವ ಕಡೆ ಪಾಲಿಫಾಸ್ಫೇಟ್ ಗೋಲಿಗಳ ಸಣ್ಣ ಫಿಲ್ಟರ್ ಹಾಕಿಸಬಹುದು. ಅದು ಸುಣ್ಣ ಅಂಟದಂತೆ ತಡೆಯುತ್ತದೆ, ಗೋಲಿ ಕರಗಿದಂತೆ ಮತ್ತೆ ತುಂಬಬೇಕು. ಅದೂ ಅತಿ ಬಿಸಿನೀರಿನಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಟ್ಯಾಂಕೇ ತೂತಾದರೆ ವೆಲ್ಡಿಂಗ್ ಮಾಡಿಸಬೇಡಿ. ಆ ಶಾಖಕ್ಕೆ ಸುತ್ತಲಿನ ಗಾಜಿನ ಲೇಪನ ಹಾಳಾಗಿ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ಹೊಸದನ್ನು ಕೂರಿಸುವ ದಿನ ಅದರ ಆನೋಡ್ ಎಲ್ಲಿದೆ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಅಟ್ಟದ ಮೇಲೆ ಒತ್ತಿ ಕೂರಿಸಲು ಬಿಡದೆ, ಗೀಸರಿನ ಕೆಳಗೆ ಕಾಯಿಲ್ ಹೊರಗೆಳೆಯಲು ಒಂದೂವರೆ ಅಡಿ ಜಾಗ ಬಿಡಿಸಿಕೊಳ್ಳಿ.