ಗೆಳೆಯರೇ ಎದುರಾಳಿ ಹಡಗಿನಲ್ಲಿ: ಕಥೆಯೋ, ನಡೆದದ್ದೋ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಸಿನಿಮಾವೊಂದರಲ್ಲಿ ಒಟ್ಟಿಗೆ ಓದಿದ ಗೆಳೆಯರಿಬ್ಬರು ಬೇರೆ ಬೇರೆ ಹಡಗಿನಿಂದ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಾರೆ. ಹೀಗೆ ನಿಜಕ್ಕೂ ಆಗಿತ್ತಾ, ಅಥವಾ ಅಳಿಸೋಕೆ ಅಂತ ಸೇರಿಸಿದ್ದಾ? (ತೀರ್ಥಹಳ್ಳಿಯ ಓದುಗರು)

ಆಗಿತ್ತು. ಕಥೆಗಾರರು ಹೆಚ್ಚೇನೂ ಸೇರಿಸಬೇಕಿರಲಿಲ್ಲ.

1862ರ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ (ಹೆಸರಿಗೆ ರೋಡು, ಇರುವುದು ಬರೀ ನೀರು) ಒಕ್ಕೂಟ ಉಳಿಸಹೊರಟ ಉತ್ತರದವರ ಮಾನಿಟರ್, ಅದನ್ನು ಬಿಟ್ಟುಹೋದ ದಕ್ಷಿಣದವರ ವರ್ಜೀನಿಯಾ ಎಂಬ ಕಬ್ಬಿಣ ಹೊದಿಸಿದ ಹಡಗುಗಳು ಸುಮಾರು ನಾಲ್ಕು ಗಂಟೆ ಬಡಿದಾಡಿದವು. ಮಾನಿಟರ್‌ನ ಫಿರಂಗಿ ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಡಾನಾ ಗ್ರೀನ್, ವರ್ಜೀನಿಯಾದಲ್ಲಿದ್ದ ವಾಲ್ಟರ್ ಬಟ್ ಇಬ್ಬರೂ ಅನಾಪೊಲಿಸ್ ನೌಕಾ ಅಕಾಡೆಮಿಯಲ್ಲಿ ಒಂದೇ ಕೋಣೆಯವರು. ಹಿಂದಿನ ದಿನದ್ದು ಇನ್ನೂ ಕಟು. ವರ್ಜೀನಿಯಾದ ನಾಯಕ ಫ್ರಾಂಕ್ಲಿನ್ ಬುಕಾನನ್ ಹೊಡೆದು ಸುಟ್ಟ 'ಕಾಂಗ್ರೆಸ್' ಹಡಗಿನಲ್ಲಿ ಸಂಬಳ ಬಟವಾಡೆಯ ಅಧಿಕಾರಿಯಾಗಿದ್ದವನು ಅವನ ಒಡಹುಟ್ಟಿದವನೇ. ಪುಣ್ಯಕ್ಕೆ ಬದುಕಿಕೊಂಡ.

ಇದು ದ್ವೇಷದ ಮಾತಲ್ಲ. ಅಂದು ಅನೇಕರಿಗೆ ದೇಶಕ್ಕಿಂತ ತಮ್ಮ ರಾಜ್ಯ ದೊಡ್ಡದು. 1845ರಲ್ಲಿ ಆ ಅಕಾಡೆಮಿಯ ಮೊದಲ ಮುಖ್ಯಸ್ಥನಾಗಿದ್ದ ಇದೇ ಬುಕಾನನ್, ತನ್ನ ಮೇರಿಲ್ಯಾಂಡ್ ಒಕ್ಕೂಟ ಬಿಟ್ಟೇಬಿಡುತ್ತದೆ ಅಂದುಕೊಂಡು 1861ರಲ್ಲಿ ನೌಕಾಪಡೆಗೆ ರಾಜೀನಾಮೆ ಬರೆದುಕೊಟ್ಟ. ಮೇರಿಲ್ಯಾಂಡ್ ಬಿಡಲಿಲ್ಲ. ರಾಜೀನಾಮೆ ವಾಪಸ್ ಕೇಳಿದ, ಸರ್ಕಾರ ಒಪ್ಪಲಿಲ್ಲ. ನಾಲ್ಕು ದಿನ ತಡೆದಿದ್ದರೆ ಅವನು ಯಾವ ಹಡಗಿನಲ್ಲಿರುತ್ತಿದ್ದನೋ!

ಸಿನಿಮಾ ಸುಳ್ಳು ಹೇಳುವುದು ಬೇರೆ ಕಡೆ: ಗೆಳೆಯರು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಕಡೆ. ಮಾನಿಟರ್‌ನ ಡೆಕ್ ನೀರಿನಿಂದ ಒಂದೂವರೆ ಅಡಿಯಷ್ಟೇ ಮೇಲೆ. ಸೇತುವೆ ಬರುವ ಮುಂಚಿನ ಸಿಗಂದೂರು ಲಾಂಚ್ ನೆನಪಿಸಿಕೊಳ್ಳಿ. ಅದರ ಮೇಲೆ 20 ಅಡಿ ಅಗಲದ, ಗಿರಗಿರ ತಿರುಗುವ ಕಬ್ಬಿಣದ ಡಬ್ಬಿ ಇಟ್ಟರೆ ಹೇಗೋ ಹಾಗೆ. ಗ್ರೀನ್ ಅದರೊಳಗೆ. ಹೊರಗಿನದು ಕಾಣುತ್ತಿದ್ದದ್ದು ಫಿರಂಗಿಯ ಮೇಲಿನ ಸಂದಿಯಲ್ಲಿ ಮಾತ್ರ. ಮುಂದು ಯಾವುದು, ಹಿಂದು ಯಾವುದು ಗೊತ್ತಾಗಲೆಂದು ಕೆಳಗೆ ಬಿಳಿ ಗುರುತು ಹಾಕಿಕೊಂಡಿದ್ದರು. ಗಲಾಟೆಯಲ್ಲಿ ಅದೂ ಅಳಿಸಿಹೋಯಿತು. ಕ್ಯಾಪ್ಟನ್ ಜತೆ ಮಾತಾಡುವ ಕೊಳವೆ ಕೆಟ್ಟಿತು. ಶತ್ರು ಹಡಗು ಯಾವ ಕಡೆ ಇದೆ ಅಂತ ಆಳು ಓಡಿಸಿ ಕೇಳಬೇಕು. ಇನ್ನು ಬಟ್‌ನ ಮುಖ ನೋಡುವುದೆಲ್ಲಿ ಬಂತು?

ನಮ್ಮ ಮಳೆಗಾಲದ ತಾಳಮದ್ದಳೆಯಲ್ಲಿ ಕರ್ಣ, ಅರ್ಜುನರು ಎದುರುಬದುರು ಕೂತು ಮಾತಲ್ಲೇ ಇರಿದುಕೊಂಡು, ಆಮೇಲೆ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ. ಸಿನಿಮಾಕ್ಕೂ ಆ ಎದುರುಬದುರು ಬೇಕು, ಮಾಡಿಕೊಳ್ಳುತ್ತದೆ, ನನ್ನ ತಕರಾರಿಲ್ಲ. ಗ್ರೀನ್ ಮಾತ್ರ, ಯುದ್ಧ ಮುಗಿದ ಕೆಲವೇ ದಿನಕ್ಕೆ ಮನೆಗೆ ಬರೆದ ಪತ್ರದಲ್ಲಿ, ತನ್ನ ಹಳೇ ರೂಮ್‌ಮೇಟ್ ಆ ಕಡೆಯ ಹಡಗಿನಲ್ಲಿದ್ದ ಅಂತ ಒಂದೆರಡು ಸಾಲು ಸೇರಿಸಿದ್ದ.