ಸಿಹಿನೀರಿನಲ್ಲೂ ಸೀಲ್ ಇರುತ್ತದೆಯೇ?

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರಿನ ದಂಡೆಯ ಊರು. ಸೀಲ್ ಎಂದರೆ ನಮ್ಮ ನೀರುನಾಯಿಯೇ? ಸಿಹಿನೀರಿನಲ್ಲಿ ಅದು ಬದುಕುತ್ತದೆಯೇ? ಅಳಿದುಹೋಗುತ್ತಿದೆ ಎನ್ನುವುದು ನಿಜವೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಸೀಲ್‌ಗೂ ಕೆಲವರು ‘ನೀರುನಾಯಿ’ ಎಂದೇ ಬರೆಯುವುದರಿಂದ ಈ ಗೊಂದಲ. ನೀರುನಾಯಿಗೆ ಕಾಲುಗಳಿವೆ, ಉದ್ದನೆಯ ಬಾಲವಿದೆ; ತುಂಗಭದ್ರೆಯಲ್ಲಿ ಅದಕ್ಕೆಂದೇ ಸಂರಕ್ಷಿತ ಪ್ರದೇಶವೂ ಇದೆ. ಸೀಲ್‌ಗೆ ಕಾಲಿನ ಜಾಗದಲ್ಲಿರುವುದು ಈಜುರೆಕ್ಕೆ. ಕೃಷ್ಣೆಯಲ್ಲಿ ಅದನ್ನು ಹುಡುಕಬೇಡಿ.

ಸಿಹಿನೀರಿನಲ್ಲಿ ಧಾರಾಳವಾಗಿ ಬದುಕುತ್ತದೆ. ರಷ್ಯಾದ ಬೈಕಲ್ ಸರೋವರದ ಸೀಲ್ ಸಮುದ್ರದ ಮುಖವನ್ನೇ ಕಂಡಿಲ್ಲ. ಎಂಬತ್ತು ಸಾವಿರದ ಆಸುಪಾಸಿನಲ್ಲಿರುವ ಅದಕ್ಕೆ ಸದ್ಯ ಅಪಾಯವಿಲ್ಲ. ಅಳಿಯುತ್ತಿದೆಯೇ ಎಂದು ಕೇಳಿದರೆ, ಯಾವ ನೀರಿನ ಸೀಲ್ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.

ಕ್ಯಾಸ್ಪಿಯನ್ ಹೆಸರಿಗೆ ಸಮುದ್ರ; ನಿಜಕ್ಕೂ ಅದು ಸವುಳು ನೀರಿನ ಸರೋವರ. ನೂರು ವರ್ಷಗಳ ಹಿಂದೆ ಅಲ್ಲಿ ಹತ್ತು ಲಕ್ಷದಷ್ಟು ಸೀಲ್‌ಗಳಿದ್ದವು. ಬೇಟೆ, ರೋಗ, ಮೀನುಬಲೆ ಸೇರಿ 2008ರಲ್ಲಿ ಅವನ್ನು ಅಳಿವಿನಂಚಿನ ಪಟ್ಟಿಗೆ ತಂದವು. ಆಲಮಟ್ಟಿಯಲ್ಲಿ ಬೇಸಿಗೆಗೆ ಇಳಿದ ನೀರು ಮಳೆಗಾಲಕ್ಕೆ ಮರಳುತ್ತದೆ. ಕ್ಯಾಸ್ಪಿಯನ್‌ನಲ್ಲಿ ಮಾತ್ರ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇದೆ.

ನನಗೆ ಹೆಚ್ಚು ಹಿಡಿಸುವುದು ಫಿನ್ಲೆಂಡಿನ ಸೈಮಾ ಸರೋವರದ ಕಥೆ. ಹಿಮಯುಗ ಮುಗಿದಾಗ ಸಮುದ್ರದ ನಂಟು ಕಡಿದುಕೊಂಡು ಒಳನಾಡಿನಲ್ಲೇ ಉಳಿದ ಸೀಲ್ ಇದು. 1980ರ ದಶಕದಲ್ಲಿ ಇನ್ನೂರಕ್ಕಿಂತ ಕಡಿಮೆ ಇದ್ದವು. ಈಗ ನಾನೂರು ದಾಟಿವೆ. ತಾಯಿ ದಡದ ಹಿಮದ ರಾಶಿಯೊಳಗೆ ಗೂಡು ಕೊರೆದು ಮರಿ ಹಾಕುತ್ತದೆ. ಚಳಿಗಾಲದಲ್ಲಿ ಹಿಮ ಸಾಲದಿದ್ದರೆ ಸ್ವಯಂಸೇವಕರು ಸಲಿಕೆ ಹಿಡಿದು ಹೆಪ್ಪುಗಟ್ಟಿದ ಸರೋವರಕ್ಕೆ ಇಳಿಯುತ್ತಾರೆ. ನಮ್ಮ ರೈತರು ಕಣಿಕೆಯ ಬಣವೆ ಒಟ್ಟಿದ ಹಾಗೆ ಹಿಮ ಒಟ್ಟಿ ಬರುತ್ತಾರೆ. ಸೀಲ್ ಬಂದು ಅದರಲ್ಲೇ ಬಾಣಂತನ ಮುಗಿಸುತ್ತದೆ! ಸೀಲ್‌ಗೆ ಕಿವಿರುಗಳಿಲ್ಲ, ಉಸಿರಿಗೆ ಮೇಲೆ ಬರಲೇಬೇಕು. ಬಲೆಗೆ ಸಿಕ್ಕ ಮರಿ ನೀರಿನಲ್ಲೇ ಉಸಿರುಗಟ್ಟುತ್ತದೆ. ಅದಕ್ಕೇ ಅಲ್ಲಿ ಏಪ್ರಿಲ್ 15ರಿಂದ ಜೂನ್ ಕೊನೆಯವರೆಗೆ ಬಲೆ ಹಾಕಲು ನಿರ್ಬಂಧವಿದೆ.

ಸಮುದ್ರದಲ್ಲೂ ಇದೇ ಏರುಪೇರು. ಕೆರಿಬಿಯನ್ ಸೀಲ್ 1952ರ ನಂತರ ಯಾರಿಗೂ ಕಂಡಿಲ್ಲ. ಹವಾಯಿಯದು ಸುಮಾರು 1,600ಕ್ಕೆ ನಿಂತಿದೆ. ಮೆಡಿಟರೇನಿಯನ್ ಕಡಲಿನದು ಮಾತ್ರ ತುಸು ಚೇತರಿಸಿಕೊಂಡು, ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ‘ಕೆಂಪು ಪಟ್ಟಿ’ಯಲ್ಲಿ 2023ರಲ್ಲಿ ಅಪಾಯದ ಒಂದು ಮೆಟ್ಟಿಲು ಕೆಳಗೆ ಇಳಿದಿದೆ.